ಚಿತ್ರದ ಹಿಂದಿನ ಲೆಕ್ಕ

ಅಂಕಿ-ಅಂಶಗಳಿಲ್ಲದೆ ಇಂದು ಯಾವ ಕೆಲಸವೂ ಸಾಗದು. ಮಳೆ ಎಷ್ಟು ಬಿತ್ತು, ಶೇಂಗಾ ಎಷ್ಟು ಬೆಳೆಯಿತು, ಎಷ್ಟು ಮಕ್ಕಳು ತೇರ್ಗಡೆಯಾದರು ಎಂಬುದೆಲ್ಲವೂ ಬಣ್ಣದ ಚಿತ್ರಗಳಾಗಿ ನಮ್ಮ ಕಣ್ಣೆದುರು ಬರುತ್ತದೆ. ಕಂಪ್ಯೂಟರಿನಲ್ಲಿ ಇಂಥ ಚಿತ್ರ ಬರೆಯುವ ತಂತ್ರಾಂಶಗಳು ಈಗ ಚಿತ್ರ ಬರೆದು ಸುಮ್ಮನಾಗುವುದಿಲ್ಲ. ಒಳಗೇ ಸಂಖ್ಯಾಶಾಸ್ತ್ರದ ಲೆಕ್ಕವನ್ನೂ ಮಾಡಿ, ಮುಂದಿನ ವರ್ಷ ಹೀಗಾದೀತೆಂದು ಒಂದು ಗೆರೆಯನ್ನೂ ಎಳೆದು ತೋರಿಸುತ್ತವೆ. ಈ ಸೌಕರ್ಯವನ್ನು ಹೇಗೆ ಬಳಸಬೇಕೆಂಬುದು ವಿದ್ಯಾರ್ಥಿಗಳೂ ಪಾಲಕರೂ ಯೋಚಿಸಬೇಕಾದ ವಿಷಯವಾಗಿದೆ.

ಗಣಿತದ ಹೊಲದಲ್ಲಿ ಕನ್ನಡ ಮೇಷ್ಟರಿಗೇನು ಕೆಲಸ ಎಂದು ಕೆಲವರು ಕೇಳಬಹುದು. ಚಿತ್ರವೂ ಒಂದು ಬಗೆಯ ಬರಹವೇ. ಬರೆದದ್ದನ್ನು ಓದಿ ಅರ್ಥಮಾಡಿಕೊಳ್ಳುವುದನ್ನು ಕಲಿಸುವುದು ಭಾಷಾ ಶಿಕ್ಷಕನ ಕರ್ತವ್ಯ.

ಮೊದಲು ಈ ಏರ್ಪಾಡು ಏನೆಂದು ತಿಳಿಯೋಣ. ನ್ಯೂಜಿಲೆಂಡಿನ ಆಕ್ಲೆಂಡ್ ವಿಶ್ವವಿದ್ಯಾಲಯದಲ್ಲಿ ರಾಸ್ ಇಹಾಕ ಮತ್ತು ರಾಬರ್ಟ್ ಜೆಂಟಲ್‌ಮನ್ ಎಂಬ ಇಬ್ಬರು ಅಧ್ಯಾಪಕರು 1990ರ ದಶಕದಲ್ಲಿ 'ಆರ್' ಎಂಬ ಲೆಕ್ಕದ ಭಾಷೆಯನ್ನು ರೂಪಿಸಿದರು. 1995ರಿಂದ ಅದು ಎಲ್ಲರಿಗೂ ಮುಕ್ತವಾಗಿ, ಬೆಲೆಯಿಲ್ಲದೆ ದೊರೆಯುತ್ತಿದೆ. ಚಿತ್ರ ಬರೆಯುವ 'ಟ್ಯಾಬ್ಲೋ' ಎಂಬ ತಂತ್ರಾಂಶವು 2013ರಲ್ಲಿ ಈ ಆರ್ ಜೊತೆ ಸಂಪರ್ಕ ಕಲ್ಪಿಸಿತು. ಚಿತ್ರದಲ್ಲಿರುವ ಅಂಕಿಗಳು ಆರ್‌ಗೆ ಹೋಗುತ್ತವೆ. ಅಲ್ಲಿ ಲೆಕ್ಕವಾಗಿ ಉತ್ತರವು ಮರಳಿ ಚಿತ್ರಕ್ಕೆ ಬರುತ್ತದೆ. 'ಸ್ಪಾಟ್‌ಫೈರ್' ಎಂಬ ಇನ್ನೊಂದು ತಂತ್ರಾಂಶದಲ್ಲಿ ಆರ್ ಭಾಷೆಯನ್ನು ಬಲ್ಲ ಎಂಜಿನ್ನು ಒಳಗೇ ಅಡಕವಾಗಿದೆ. ನೋಡುವವನಿಗೆ ಈ ಓಡಾಟವೊಂದೂ ಕಾಣಿಸದು.

ಇದರ ಪ್ರಯೋಜನವನ್ನು ಅಲ್ಲಗಳೆಯಲಾಗದು. ಚಿತ್ರ ಮತ್ತು ಲೆಕ್ಕ ಒಂದಕ್ಕೊಂದು ಆಸರೆಯೆಂಬುದನ್ನು 1973ರಲ್ಲಿ ಫ್ರಾನ್ಸಿಸ್ ಆನ್ಸ್‌ಕೂಮ್ ಎಂಬ ಸಂಖ್ಯಾಶಾಸ್ತ್ರಜ್ಞರು ಸೊಗಸಾಗಿ ತೋರಿಸಿಕೊಟ್ಟರು. ಅವರು 11 ಜೋಡಿ ಅಂಕಿಗಳ ನಾಲ್ಕು ಪಟ್ಟಿಗಳನ್ನು ಮಾಡಿದರು. ನಾಲ್ಕರಲ್ಲಿಯೂ ಮೊದಲ ಅಂಕಿಗಳ ಸರಾಸರಿ 9, ಎರಡನೆಯ ಅಂಕಿಗಳ ಸರಾಸರಿ 7.5. ಲೆಕ್ಕವು ಎಳೆಯುವ ಗೆರೆಯೂ ಒಂದೇ. ಆದರೆ ಚುಕ್ಕೆ ಇಟ್ಟು ನೋಡಿದರೆ ಒಂದು ಗೆರೆಯ ಸುತ್ತ ಚೆದರಿದೆ, ಇನ್ನೊಂದು ಕಮಾನಿನಂತೆ ಬಾಗಿದೆ. ಉಳಿದೆರಡರಲ್ಲಿ ಗುಂಪು ಬಿಟ್ಟು ನಿಂತ ಒಂದೊಂದೇ ಚುಕ್ಕೆಯು ಗೆರೆಯನ್ನು ತನ್ನತ್ತ ಎಳೆದಿದೆ. ಕುರುಡನ ಹೆಗಲೇರಿದ ಕುಂಟನ ಕಥೆಯನ್ನು ನೀವೆಲ್ಲರೂ ಕೇಳಿದ್ದೀರಿ. ಲೆಕ್ಕಕ್ಕೆ ಕಣ್ಣಿಲ್ಲ, ಚಿತ್ರಕ್ಕೆ ಕಾಲಿಲ್ಲ. ಎರಡೂ ಕೂಡಿದರೆ ದಾರಿ ಸಾಗುತ್ತದೆ.

ಆದರೆ ಗಿರಣಿಗೆ ಏನನ್ನು ಸುರಿದೆವೋ ಅದರ ಹಿಟ್ಟೇ ಹೊರಗೆ ಬರುತ್ತದೆ. ಟ್ಯಾಬ್ಲೋದಿಂದ ಆರ್‌ಗೆ ಹೋಗುವುದು ಸಾಮಾನ್ಯವಾಗಿ ಕೂಡಿಸಿದ ಇಲ್ಲವೆ ಸರಾಸರಿ ಮಾಡಿದ ಅಂಕಿಗಳು. ಚಿತ್ರವನ್ನು ಶಾಲೆವಾರು ಜೋಡಿಸಿದ್ದರೆ ಶಾಲೆಯ ಸರಾಸರಿ ಹೋಗುತ್ತದೆ. ತಾಲ್ಲೂಕುವಾರು ಜೋಡಿಸಿದ್ದರೆ ತಾಲ್ಲೂಕಿನದು. ಇದರ ಪರಿಣಾಮವನ್ನು ಒಂದು ಕಲ್ಪಿತ ಲೆಕ್ಕದಿಂದ ನೋಡೋಣ. ಗಡಿಯ ತಾಲ್ಲೂಕೊಂದರಲ್ಲಿ ಸಮಸಂಖ್ಯೆಯ ಮಕ್ಕಳಿರುವ 20 ಶಾಲೆಗಳಿವೆ ಎನ್ನೋಣ. ಅವುಗಳಲ್ಲಿ 18ರ ಸರಾಸರಿ ಅಂಕ 60. ಕನ್ನಡ ಮಾಧ್ಯಮದ 2 ಶಾಲೆಗಳದು 40. ತಾಲ್ಲೂಕಿನ ಸರಾಸರಿ 58 ಆಗುತ್ತದೆ. ಮರುವರ್ಷ ಕನ್ನಡ ಶಾಲೆಗಳ ಸರಾಸರಿ 30ಕ್ಕೆ ಕುಸಿದರೂ ತಾಲ್ಲೂಕಿನದು 57 ಇರುತ್ತದೆ. ಚಿತ್ರದಲ್ಲಿ ಅದು ಕೂದಲೆಳೆಯಷ್ಟು ಇಳಿತ. ಪಾಠ ಹೇಳಲು ಶಿಕ್ಷಕರಿಲ್ಲವೋ, ಪುಸ್ತಕ ತಲುಪಲಿಲ್ಲವೋ ಎಂದು ಕೇಳುವವರು ಯಾರು? ಎಂಜಿನ್ನಿನ ಲೆಕ್ಕ ತಪ್ಪಲಿಲ್ಲ, ಗೆರೆಯೂ ತಪ್ಪಲಿಲ್ಲ. ಆದರೂ ನಮ್ಮ ಮಕ್ಕಳು ಚಿತ್ರದಿಂದ ಮರೆಯಾದರು. ಸಂಖ್ಯೆಯಲ್ಲಿ ಚಿಕ್ಕವರಾದ ನಾವು ಇದನ್ನು ಎಲ್ಲರಿಗಿಂತ ಮೊದಲು ಅರಿಯಬೇಕು.

ಆದುದರಿಂದ ನನ್ನ ಅಭಿಪ್ರಾಯವಿಷ್ಟು. ಇಂಥ ತಂತ್ರಾಂಶಗಳು ನಮ್ಮ ಶಾಲೆಗಳಿಗೂ ಬರಲಿ. ಅವುಗಳನ್ನು ದೂರವಿಡುವುದು ಜಾಣತನವಲ್ಲ. ಆದರೆ ಗುಂಡಿ ಒತ್ತುವ ಮೊದಲು ವಿದ್ಯಾರ್ಥಿಯು ಸರಾಸರಿ, ಮಧ್ಯಾಂಕ, ಬಹುಲಕಗಳನ್ನು ಒಮ್ಮೆಯಾದರೂ ಕೈಯಿಂದ ಲೆಕ್ಕ ಹಾಕಿರಬೇಕು. ಗ್ರಾಫ್ ಕಾಗದದ ಮೇಲೆ ಪೆನ್ಸಿಲಿನಿಂದ ಚುಕ್ಕೆ ಇಟ್ಟಿರಬೇಕು. ಚಿತ್ರ ಮೂಡಿದ ಬಳಿಕ ಮೂರು ಪ್ರಶ್ನೆಗಳನ್ನು ಕೇಳಬೇಕು. ಒಳಗೆ ಹೋದ ಅಂಕಿಗಳು ಬಿಡಿಯವೋ, ಕೂಡಿಸಿದವೋ? ಯಾರ ಅಂಕಿಗಳು ಇದರಲ್ಲಿ ಸೇರಿಲ್ಲ? ಈ ಗೆರೆಯನ್ನು ಎಷ್ಟರಮಟ್ಟಿಗೆ ನಂಬಬಹುದು? ಕೊನೆಗೆ, ಆ ಚಿತ್ರ ಹೇಳುವುದನ್ನು ಮನೆಯವರಿಗೆ ತಿಳಿಯುವಂತೆ ಕನ್ನಡದ ಒಂದೆರಡು ವಾಕ್ಯಗಳಲ್ಲಿ ಬರೆಯಬೇಕು. ಹಾಗೆ ಬರೆಯಲಾಗದಿದ್ದರೆ ಅದು ಇನ್ನೂ ಅರ್ಥವಾಗಿಲ್ಲವೆಂದೇ ತಿಳಿಯಬೇಕು.

ಮೂರನೆಯ ಪ್ರಶ್ನೆಗೆ ಆಧಾರವಾದ ಚಿಂತನೆಯಲ್ಲಿ ನಮ್ಮ ನಾಡಿನವರ ಪಾಲೂ ಇದೆ. ಹೂವಿನ ಹಡಗಲಿಯಲ್ಲಿ 1920ರಲ್ಲಿ ಜನಿಸಿ, ಆಂಧ್ರದಲ್ಲಿ ವಿದ್ಯಾಭ್ಯಾಸ ಮಾಡಿದ ಸಿ. ಆರ್. ರಾಯರು 1945ರಲ್ಲಿಯೇ, ಇರುವ ಅಂಕಿಗಳಿಂದ ಮಾಡುವ ಅಂದಾಜಿನ ನಿಖರತೆಗೂ ಒಂದು ಮಿತಿಯಿದೆ ಎಂಬುದನ್ನು ಗಣಿತದ ಮೂಲಕ ತೋರಿಸಿದರು. ಆಗ ಇಂಥ ತಂತ್ರಾಂಶಗಳ ಸುಳಿವೂ ಇರಲಿಲ್ಲ. 2023ರಲ್ಲಿ ಅವರಿಗೆ ಅಂತರರಾಷ್ಟ್ರೀಯ ಸಂಖ್ಯಾಶಾಸ್ತ್ರ ಪ್ರಶಸ್ತಿ ಸಂದಿತು. ಅದೇ ವರ್ಷ ಅವರು ನಿಧನರಾದರು.

ಪಾಲಕರಲ್ಲಿ ನನ್ನದೊಂದು ವಿನಂತಿ. ಮಗು ಕಂಪ್ಯೂಟರಿನಲ್ಲಿ ಅಂದದ ಚಿತ್ರ ಬರೆದು ತೋರಿಸಿದಾಗ ಮೆಚ್ಚಿ ಬೆನ್ನು ತಟ್ಟಿರಿ. ಜೊತೆಗೆ, "ಇದರಲ್ಲಿ ನಮ್ಮ ಶಾಲೆ ಎಲ್ಲಿದೆ, ತೋರಿಸು ಮಗು" ಎಂದು ಕೇಳಿರಿ. ಉತ್ತರ ಹುಡುಕುತ್ತ ಹೋದಂತೆ ಮಗು ಲೆಕ್ಕವನ್ನೂ ಕಲಿಯುವುದು, ಲೋಕವನ್ನೂ ಅರಿಯುವುದು.