ಇದು ಯಾರಪ್ಪನ ಸುದ್ದಿ?

ಮುಂಬೈ ಉಪನಗರದ ಒಂದು ಕನ್ನಡ ಶಾಲೆಯಲ್ಲಿ ನಾನು ನಾಲ್ಕನೇ ತರಗತಿಯ ಟೀಚರ್. ಎರಡು ವರ್ಷದಿಂದ ನಮ್ಮ ತರಗತಿಗೆ ಒಂದು ಬ್ಲಾಗ್ ಇದೆ. ಶುಕ್ರವಾರದ ಕೊನೆಯ ಪಿರಿಯಡ್‌ನಲ್ಲಿ ಮಕ್ಕಳು ತೋಚಿದ್ದನ್ನು ನೋಟ್‌ಬುಕ್ಕಿನಲ್ಲಿ ಬರೆಯುತ್ತಾರೆ. ಆಫೀಸಿನಲ್ಲಿರುವ ಒಂದೇ ಕಂಪ್ಯೂಟರಿನ ಮುಂದೆ ಸರದಿಯ ಮೇಲೆ ಇಬ್ಬಿಬ್ಬರು ಕೂತು ಟೈಪ್ ಮಾಡುತ್ತಾರೆ. ಉಳಿದದ್ದನ್ನು ರಾತ್ರಿ ಅಡುಗೆ ಮುಗಿಸಿ ನಾನು ಮೊಬೈಲಿನಲ್ಲಿ ಕುಟ್ಟುತ್ತೇನೆ. ಈಗ ಅಪ್ಪಣೆಯಾಗಿದೆ: ಇದನ್ನು ಶುದ್ಧ ಕನ್ನಡದಲ್ಲಿ ನಡೆಸಿ, ಇಲ್ಲವೇ ನಿಲ್ಲಿಸಿ.

ಗಲಾಟೆ ಎದ್ದದ್ದು ಒಬ್ಬ ಹುಡುಗನ ಮೂರು ಸಾಲಿನಿಂದ. ವಿಜಯಪುರದ ಕಡೆಯವನು. ಅವನು ಬರೆದದ್ದು ಇಷ್ಟು: "ನಮ್ಮಪ್ಪ ಇಪ್ಪತ್ತೆರಡನೇ ಮಾಳಾ ಮ್ಯಾಲ ಸೆಂಟ್ರಿಂಗ್ ಕೆಲಸ ಮಾಡ್ತಾನ. ಅಲ್ಲಿಂದ ಸಮುದ್ರ ಕಾಣ್ತದಂತ. ನಾ ಇನ್ನೂ ನೋಡಿಲ್ಲ."

ಊರಲ್ಲಿ ಪಕ್ಕದ ಮನೆಯವರು ಇದನ್ನು ಅವನ ಅಜ್ಜಿಗೆ ಓದಿ ಹೇಳಿದರು. ಅಜ್ಜಿ ಮಗನಿಗೆ ಫೋನ್ ಮಾಡಿ ಬೈದಳಂತೆ, ಕೂಸಿಗೆ ಸಮುದ್ರ ತೋರಿಸಲಿಕ್ಕೂ ಪುರುಸೊತ್ತಿಲ್ಲೇನು ಅಂತ. ಸೋಮವಾರ ಹುಡುಗ ಓಡಿ ಬಂದು ಕೇಳಿದ, "ಟೀಚರ್, ಅಜ್ಜಿ ಓದ್ಯಾಳ. ಇನ್ನೇನ್ ಬರೀಲಿ?" ಹನ್ನೊಂದು ವರ್ಷದ ನೌಕರಿಯಲ್ಲಿ ಯಾವ ಮಗುವೂ ನನ್ನ ಬಳಿ ಬಂದು ಇನ್ನೇನು ಬರೆಯಲಿ ಎಂದು ಕೇಳಿರಲಿಲ್ಲ.

ಅದೇ ವಾರ ಶಾಲೆಯ ಹಿತೈಷಿಯೊಬ್ಬರ ಕಣ್ಣಿಗೂ ಅದು ಬಿತ್ತು. "ಮಾಳಾ ಎಂದರೆ ಮರಾಠಿ, ಸೆಂಟ್ರಿಂಗ್ ಎಂದರೆ ಇಂಗ್ಲಿಷು, ಕಾಣ್ತದಂತ ಎಂದರೆ ಏನೂ ಅಲ್ಲ. ಕನ್ನಡದ ಮಾನ ಹೋಗುತ್ತಿದೆ" ಎಂದರು. ಮುಖ್ಯೋಪಾಧ್ಯಾಯರು ತಿದ್ದಿಸಿದರು. ತಿದ್ದಿದ್ದು ಹೀಗಿತ್ತು: "ನನ್ನ ತಂದೆಯವರು ಕಟ್ಟಡ ನಿರ್ಮಾಣ ಕಾರ್ಯದಲ್ಲಿ ತೊಡಗಿಕೊಂಡಿರುತ್ತಾರೆ. ಸಮುದ್ರವು ಮನಮೋಹಕವಾಗಿರುತ್ತದೆ." ಹುಡುಗ ಅದನ್ನು ಎರಡು ಸಲ ಓದಿ ನನ್ನ ಮುಖ ನೋಡಿದ. "ಟೀಚರ್, ಇದು ಯಾರಪ್ಪನ ಸುದ್ದಿ ರೀ?"

ನನ್ನಲ್ಲಿ ಉತ್ತರವಿರಲಿಲ್ಲ. 'ನಾ ಇನ್ನೂ ನೋಡಿಲ್ಲ' ಎಂಬ ಸಾಲು ವ್ಯಾಕರಣದ ಯಾವ ತಪ್ಪಿಗಾಗಿ ಹೋಯಿತೆಂದು ಇವತ್ತಿಗೂ ನನಗೆ ಯಾರೂ ಹೇಳಿಲ್ಲ. ಮುಂದಿನ ಶುಕ್ರವಾರ ಅವನು ಹಸುವಿನ ಮೇಲೆ ಬರೆದ. ಹಸು ಸಾಕುಪ್ರಾಣಿ, ಅದಕ್ಕೆ ನಾಲ್ಕು ಕಾಲು. ಒಂದೂ ತಪ್ಪಿರಲಿಲ್ಲ.

ಹಾಗಾದರೆ ಕಾಗುಣಿತ ಕಲಿಸುವುದು ಬೇಡವೇ ಎನ್ನುತ್ತಾರೆ. ಬೇಕು. ಆದರೆ ಅದನ್ನು ಕಲಿಸುವುದು ಕೆಂಪು ಪೆನ್ನಲ್ಲ, ಓದುಗ. ಮಂಡ್ಯದ ಕಡೆಯ ಒಬ್ಬ ಹುಡುಗಿಗೆ ಹಕಾರ ಹೊರಡುವುದಿಲ್ಲ. 'ನಮ್ಮ ಕಿಟಕೀಲಿ ಅಕ್ಕಿ ಗೂಡು ಕಟ್ಟಿದೆ' ಎಂದು ಬರೆದಳು. ನಾನು ಮುಟ್ಟಲಿಲ್ಲ. ನನ್ನ ಗೆಳತಿ ಪಾಠ ಮಾಡುವ ಹಳ್ಳಿಶಾಲೆಯ ಮಕ್ಕಳು ಓದಿ, "ಅಕ್ಕಿ ಹೇಗೆ ಗೂಡು ಕಟ್ಟುತ್ತೆ? ನಮ್ಮೂರಲ್ಲಿ ಅನ್ನ ಮಾಡ್ತಾರೆ" ಎಂದು ಬರೆದರು. ಇಡೀ ತರಗತಿ ನಕ್ಕಿತು, ಅವಳೂ ನಕ್ಕಳು. ಆಮೇಲೆ ಹಕ್ಕಿಯ ಹಕಾರ ತಪ್ಪಿಲ್ಲ. ಅದಕ್ಕೆ ಮುಂಚೆ ಅದೇ ಪದವನ್ನು ನಾನು ಅವಳಿಂದ ಇಪ್ಪತ್ತು ಸಲ ಬರೆಸಿದ್ದೆ, ಏನೂ ಆಗಿರಲಿಲ್ಲ.

ಇದು ಇಂಟರ್ನೆಟ್ ಬಂದ ಮೇಲೆ ಹುಟ್ಟಿದ ಹುಚ್ಚೂ ಅಲ್ಲ. ಸೆಲೆಸ್ಟಿನ್ ಫ್ರೆನೆ ಎಂಬ ಫ್ರೆಂಚ್ ಮೇಷ್ಟ್ರು ಮೊದಲ ಮಹಾಯುದ್ಧದಲ್ಲಿ ಶ್ವಾಸಕೋಶಕ್ಕೆ ಗಾಯ ಮಾಡಿಕೊಂಡು ಬಂದವರು. ಗಂಟಲು ಹರಿದುಕೊಂಡು ಪಾಠ ಮಾಡುವ ಶಕ್ತಿ ಇರಲಿಲ್ಲ. 1920ರ ದಶಕದಲ್ಲಿ ತಮ್ಮ ಹಳ್ಳಿಶಾಲೆಗೆ ಒಂದು ಪುಟ್ಟ ಮುದ್ರಣಯಂತ್ರ ತಂದಿಟ್ಟರು. ಮಕ್ಕಳು ತಮ್ಮ ಮನೆಯ, ಬೀದಿಯ ಸುದ್ದಿ ಬರೆದು, ತಾವೇ ಮೊಳೆ ಜೋಡಿಸಿ ಅಚ್ಚುಹಾಕಿ ದೂರದ ಶಾಲೆಗೆ ಅಂಚೆಯಲ್ಲಿ ಕಳಿಸುತ್ತಿದ್ದರು. ಅಲ್ಲಿಂದ ಉತ್ತರ ಬರುತ್ತಿತ್ತು. ನಮ್ಮ ಬ್ಲಾಗ್ ಮಾಡುವುದೂ ಅಷ್ಟನ್ನೇ, ಅಂಚೆಚೀಟಿಯ ಖರ್ಚಿಲ್ಲ ಅಷ್ಟೇ.

ಒಂದು ಆಕ್ಷೇಪಣೆಯನ್ನು ಮಾತ್ರ ಒಪ್ಪುತ್ತೇನೆ. ಮಕ್ಕಳ ವಿವರ ಊರೆಲ್ಲ ಹರಡಬಾರದು. 2023ರ ದತ್ತಾಂಶ ರಕ್ಷಣೆ ಕಾಯ್ದೆ ಹದಿನೆಂಟರೊಳಗಿನವರನ್ನೆಲ್ಲ ಮಕ್ಕಳೆಂದೇ ಎಣಿಸಿ, ಪೋಷಕರ ಒಪ್ಪಿಗೆ ಬೇಕು ಎನ್ನುತ್ತದೆ. ನಮ್ಮ ಬ್ಲಾಗಿನಲ್ಲಿ ಹೆಸರಿಲ್ಲ, ಫೋಟೋ ಇಲ್ಲ, ಪ್ರತಿ ಮನೆಯಿಂದ ಸಹಿ ತಂದಿದ್ದೇನೆ. ಆದರೆ ರಾಜ್ಯೋತ್ಸವದ ದಿನ ಅದೇ ಮಕ್ಕಳಿಗೆ ಪೇಟ ಸುತ್ತಿ, ಹೆಸರು ಸಮೇತ ಫೋಟೋ ಹಾಕಿದಾಗ ಒಬ್ಬರೂ ಕೆಮ್ಮಲಿಲ್ಲ. ಮಗುವಿನ ಮುಖ ಬೇಕು, ಮಾತು ಬೇಡ.

ಕೊನೆಗೆ ನಮ್ಮಂಥವರ ವಿಷಯ. ಊರು ಬಿಟ್ಟು ಬಂದ ನಾವು ನಮ್ಮ ಮಕ್ಕಳನ್ನು ಇಂಗ್ಲಿಷ್ ಶಾಲೆಗೆ ಸೇರಿಸುತ್ತೇವೆ. ನಾನೂ ಸೇರಿಸಿದ್ದೇನೆ, ತಪ್ಪಿಸಿಕೊಳ್ಳುವುದಿಲ್ಲ. ಆಮೇಲೆ ಕನ್ನಡ ಶಾಲೆಯಲ್ಲಿ ಉಳಿದಿರುವ ಕಟ್ಟಡ ಕೂಲಿಯವರ ಮಕ್ಕಳ ಕನ್ನಡ ಶುದ್ಧವಿಲ್ಲ ಎಂದು ಮೂಗು ಮುರಿಯುತ್ತೇವೆ. ಈ ಊರಲ್ಲಿ ಕನ್ನಡ ಬರೆಯುತ್ತಿರುವ ಹತ್ತು ವರ್ಷದವರು ಅವರೇ. ಅವರ ಕೈಯಿಂದಲೂ ಪೆನ್ಸಿಲ್ ಕಿತ್ತುಕೊಂಡು ಮಾನ ಉಳಿಸುವುದು ಯಾರದ್ದು?

ಶನಿವಾರ ಆಡಳಿತ ಮಂಡಳಿಯ ಸಭೆ ಇದೆ, ನನ್ನನ್ನೂ ಕರೆದಿದ್ದಾರೆ. ಹುಡುಗ ಹೋದ ಭಾನುವಾರ ಅಪ್ಪನ ಜೊತೆ ಜುಹುವಿಗೆ ಹೋಗಿ ಬಂದ. ಅದರ ಬಗ್ಗೆ ಒಂದೂವರೆ ಪುಟ ಬರೆದು ಕೊಟ್ಟಿದ್ದಾನೆ. ಆ ಪುಟ ನನ್ನ ಚೀಲದಲ್ಲಿದೆ. ಶುಕ್ರವಾರ ರಾತ್ರಿಯೇ, ಒಂದಕ್ಷರ ತಿದ್ದದೆ, ಹಾಕುತ್ತೇನೆ.