ಮೇವಿನ ದಾರಿಗೆ ಅಡ್ಡಗೋಡೆ

ಮೊಳಕಾಲ್ಮೂರು ತಾಲ್ಲೂಕಿನ ದೇವಸಮುದ್ರದಿಂದ ಚಳ್ಳಕೆರೆಯವರೆಗಿನ ಸೀಮೆ ರಾಜ್ಯದಲ್ಲೇ ಅತಿ ಕಡಿಮೆ ಮಳೆ ಬೀಳುವ ಸೀಮೆಗಳಲ್ಲೊಂದು. ವರ್ಷಕ್ಕೆ ಇಪ್ಪತ್ತು ಅಂಗುಲದ ಆಸುಪಾಸು. ಅದೂ ಒಂದೂರಿನ ಹೊಲ ತೊಯ್ದರೆ ಪಕ್ಕದೂರಿನ ಹೊಲ ಒಣಗಿರುತ್ತದೆ. ಇಂಥ ನೆಲದಲ್ಲಿ ಮಂದೆ ಒಂದೇ ಕಡೆ ನಿಂತು ಬದುಕಲಾರದು. ಮಳೆ ಬಿದ್ದ ಕಡೆ ಹುಲ್ಲು. ಹುಲ್ಲು ಇದ್ದ ಕಡೆಗೆ ಮಂದೆ. ನಡೆದದ್ದು ಉಳಿಯುತ್ತದೆ, ನಿಂತದ್ದು ಸಾಯುತ್ತದೆ. ಈ ಸರಳ ಸತ್ಯ ಹಟ್ಟಿಯಲ್ಲಿ ಕುರಿ ಕಾಯುವ ಹುಡುಗನಿಗೂ ಗೊತ್ತು. ಕಚೇರಿಯಲ್ಲಿ ಕುಳಿತು ನಕ್ಷೆಯ ಮೇಲೆ ಗೆರೆ ಎಳೆಯುವವರಿಗೆ ಮಾತ್ರ ಇನ್ನೂ ಗೊತ್ತಾಗಿಲ್ಲ.

ಹಳೆಯ ಮೈಸೂರಿನ ದೊರೆಗಳಿಗೆ ಇದು ಗೊತ್ತಿತ್ತು. ಚಿಕ್ಕದೇವರಾಜ ಒಡೆಯರ ಕಾಲದ ‘ಬೆಣ್ಣೆ ಚಾವಡಿ’ಯೇ ಟಿಪ್ಪುವಿನ ಕಾಲಕ್ಕೆ ‘ಅಮೃತ ಮಹಲ್’ ಆಯಿತು. ಫಿರಂಗಿ ಎಳೆಯುವ ಎತ್ತುಗಳನ್ನು ಸಾಕಲು ಅವರು ನಾಡಿನ ಹಲವೆಡೆ ಕಾವಲುಗಳನ್ನು ಕಾದಿರಿಸಿದರು. ಅವುಗಳಲ್ಲಿ ಮಳೆಗಾಲದ ಕಾವಲು, ಚಳಿಗಾಲದ ಕಾವಲು, ಬೇಸಿಗೆ ಕಾವಲು ಎಂದು ಮೂರು ಬಗೆ. ಮುಂಗಾರಿನ ಎಳೆಹುಲ್ಲು ಮೊದಲು ಚಿಗುರುವ ಕಡೆ ಮಳೆಗಾಲ ಕಳೆಯುತ್ತಿತ್ತು. ಬೇಸಿಗೆಗೆ ಹಸಿರು, ನೆರಳು, ನೀರು ಉಳಿದಿರುವ ಕೆರೆಯಂಗಳಗಳು ಆಸರೆಯಾಗುತ್ತಿದ್ದವು. ಯಾವ ಒಂದು ಕಾವಲೂ ವರ್ಷವಿಡೀ ಮಂದೆಯನ್ನು ಸಾಕಲಾರದು. ಮೂರೂ ಸೇರಿದರೆ ಮಾತ್ರ ಸಾಕುತ್ತದೆ. ದನ ಬಿಟ್ಟುಹೋದ ತಿಂಗಳುಗಳಲ್ಲಿ ಹುಲ್ಲು ಬೀಜ ಕಟ್ಟಿ, ಉದುರಿ, ಮುಂದಿನ ಮಳೆಗೆ ಮತ್ತೆ ಏಳುತ್ತದೆ. ಆದುದರಿಂದ ಖಾಲಿಯಾಗಿ ಕಾಣುವ ಕಾವಲನ್ನು ಬೀಳುಭೂಮಿ ಎಂದು ಕರೆಯುವುದು ಶುದ್ಧ ಅಜ್ಞಾನ. ಅದು ದಣಿವಾರಿಸಿಕೊಳ್ಳುತ್ತಿರುವ ನೆಲ.

ದನಕುರಿಗಳಷ್ಟೇ ಈ ಲೆಕ್ಕದಲ್ಲಿಲ್ಲ. ಕೃಷ್ಣಮೃಗದ ಹಿಂಡು ಬಯಲಿನಲ್ಲಿ ಮೇವನ್ನು ಹಿಂಬಾಲಿಸಿಯೇ ತಿರುಗುತ್ತದೆ. ಕಜಕಸ್ತಾನದ ಬಯಲುಗಳಿಂದ ಹ್ಯಾರಿಯರ್ ಎಂಬ ಗಿಡುಗಗಳು ಚಳಿಗಾಲಕ್ಕೆ ದಖನ್ನಿನ ಹುಲ್ಲುಗಾವಲುಗಳಿಗೆ ಬಂದು, ಮಿಡತೆಗಳನ್ನು ತಿಂದು, ಬೇಸಿಗೆಗೆ ಮೊದಲೇ ಹಿಂದಿರುಗುತ್ತವೆ. ಇತ್ತ ಮೊಳಕಾಲ್ಮೂರಿನ ಬಂಡೆಗುಡ್ಡಗಳ ಕರಡಿ ದೂರ ಹೋಗುವುದಿಲ್ಲ. ಹಗಲು ಗುಹೆಯಲ್ಲಿ ಮಲಗಿ, ರಾತ್ರಿ ಗೆದ್ದಲು, ಹಣ್ಣು ಹುಡುಕಿ ಇಳಿಯುತ್ತದೆ. ಅದಕ್ಕೂ ಗುಡ್ಡ ಬೇಕು, ಬಯಲೂ ಬೇಕು. ಒಂದು ಹೋದರೆ ಅದು ಊರಿಗೆ ನುಗ್ಗುತ್ತದೆ. ಪೆಟ್ಟು ಬೀಳುವುದು ಬಡ ರೈತನಿಗೆ.

ದಾರಿ ಮುಚ್ಚಿದರೆ ಏನಾಗುತ್ತದೆಂಬುದಕ್ಕೆ ಆಫ್ರಿಕಾದ ಉದಾಹರಣೆ ಇದೆ. ಸೆರೆಂಗೆಟಿಯಲ್ಲಿ ಹತ್ತು ಲಕ್ಷಕ್ಕೂ ಮೀರಿದ ವೈಲ್ಡ್‌ಬೀಸ್ಟ್ ಎಂಬ ಕಾಡುಪ್ರಾಣಿಗಳು ಪ್ರತಿವರ್ಷ ಮಳೆಯ ಬೆನ್ನುಹತ್ತಿ ಟಾಂಜಾನಿಯಾ, ಕೀನ್ಯಾಗಳ ನಡುವೆ ಸುತ್ತುತ್ತವೆ. ದಾರಿ ತೆರೆದಿರುವುದರಿಂದ ಬದುಕಿವೆ. ಬೋಟ್ಸ್‌ವಾನಾದ ಕಲಹರಿಯಲ್ಲಿ ಕಾಲುಬಾಯಿ ಜ್ವರ ಹರಡದಿರಲೆಂದು 1950ರ ದಶಕದಿಂದ ಉದ್ದುದ್ದ ತಂತಿಬೇಲಿ ಹಾಕಿದರು. 1980ರ ದಶಕದ ಬರದಲ್ಲಿ ನೀರಿಗೆಂದು ಹೊರಟ ಅದೇ ಜಾತಿಯ ಪ್ರಾಣಿಗಳು ಬೇಲಿಗೆ ಅಡ್ಡಬಿದ್ದು ಸಾವಿರ ಸಾವಿರ ಲೆಕ್ಕದಲ್ಲಿ ಸತ್ತವು. ಅವನ್ನು ಯಾರೂ ಗುಂಡಿಟ್ಟು ಕೊಲ್ಲಲಿಲ್ಲ. ದಾರಿ ಮುಚ್ಚಿದರು, ಅಷ್ಟೇ.

ಈಗ ನಮ್ಮ ಮನೆಯ ಬಾಗಿಲಿಗೆ ಬರೋಣ. ಒಂದು ಕಾಲದಲ್ಲಿ ನಾಲ್ಕು ಲಕ್ಷ ಎಕರೆಗೂ ಮಿಕ್ಕಿದ್ದ ಅಮೃತ ಮಹಲ್ ಕಾವಲುಗಳು ಇಂದು ಒಂದು ಲಕ್ಷ ಎಕರೆಗಿಂತ ಕೆಳಗಿಳಿದಿವೆ. ಚಳ್ಳಕೆರೆಯ ಕುದಾಪುರ, ವರವು, ಉಳ್ಳಾರ್ತಿ ಕಾವಲುಗಳ ಕಡೆ ಸುಮಾರು ಹತ್ತು ಸಾವಿರ ಎಕರೆ 2007ರಿಂದೀಚೆಗೆ ರಕ್ಷಣಾ ಸಂಶೋಧನೆ, ಅಣುಸಂಶೋಧನೆ, ಇಸ್ರೊ, ಭಾರತೀಯ ವಿಜ್ಞಾನ ಸಂಸ್ಥೆ ಮೊದಲಾದವುಗಳ ಪಾಲಾಯಿತು. ಮೈಲುಗಟ್ಟಲೆ ಗೋಡೆ ಎದ್ದಿತು. ಗ್ರಾಮಸ್ಥರ ಪರವಾಗಿ ವ್ಯಾಜ್ಯ ಹಸಿರು ನ್ಯಾಯಮಂಡಳಿಯವರೆಗೆ ಹೋಯಿತು. 2014ರಲ್ಲಿ ತೀರ್ಪೂ ಬಂತು. ಗೋಡೆ ನಿಂತೇ ಇದೆ. 2017ರಲ್ಲಿ ವಿಮಾನ ಪರೀಕ್ಷಾ ಕೇಂದ್ರ ಉದ್ಘಾಟನೆಯಾಯಿತು. 2023, 2024ರಲ್ಲಿ ಇಸ್ರೊದ ರೆಕ್ಕೆಯುಳ್ಳ ವಾಹನ ಆಕಾಶದಿಂದ ಅಲ್ಲಿ ನೆಟ್ಟಗೆ ಇಳಿಯಿತು. ನಮಗೂ ಅದರ ಹೆಮ್ಮೆ ಇದೆ. ವಿಜ್ಞಾನಕ್ಕೆ ನಾವು ವೈರಿಗಳಲ್ಲ. ಆದರೆ ಅದರ ಬೆಲೆಯನ್ನು ಕುರಿಗಾಹಿಯೊಬ್ಬನೇ ಏಕೆ ತೆರಬೇಕು?

ಗಿರಣಿಯಲ್ಲಿ ದುಡಿಯುವವನಿಗೆ, ಅಂಗಡಿ ಇಟ್ಟವನಿಗೆ ಇದರಿಂದೇನು ಎಂದು ಕೆಲವರು ಕೇಳಬಹುದು. ಲೆಕ್ಕ ಹಾಕಿ ನೋಡಿ. ಕುರಿ ಇದ್ದರೆ ಉಣ್ಣೆ, ಉಣ್ಣೆ ಇದ್ದರೆ ಕಂಬಳಿ. ಚಳ್ಳಕೆರೆಯ ಕಂಬಳಿ ವ್ಯಾಪಾರ ನಿಂತಿರುವುದು ಈ ಹುಲ್ಲಿನ ಮೇಲೆ. ಹೊಲದಲ್ಲಿ ಕುರಿ ತರುಬಿದರೆ ಗೊಬ್ಬರ, ಗೊಬ್ಬರ ಬಿದ್ದರೆ ಶೇಂಗಾ. ಚಳ್ಳಕೆರೆಯ ಎಣ್ಣೆಗಿರಣಿ ತಿರುಗುವುದು ಆ ಶೇಂಗಾದಿಂದ. ಮಂದೆ ಮಾರಿದವನು ಕೊನೆಗೆ ಬರುವುದು ಪೇಟೆಗೆ. ಅರ್ಧ ಕೂಲಿಗೂ ಸೈ ಎಂದು ಗಿರಣಿಯ ಬಾಗಿಲಲ್ಲಿ ನಿಲ್ಲುತ್ತಾನೆ. ಆಗ ಕಡಿಮೆಯಾಗುವುದು ನಿಮ್ಮದೇ ಕೂಲಿ. ಅವನ ಕೈ ಬರಿದಾದರೆ ಅಂಗಡಿಯವನ ಉದ್ರಿ ಪುಸ್ತಕ ತುಂಬುತ್ತದೆ, ಗಲ್ಲಾ ತುಂಬುವುದಿಲ್ಲ.

ಮ್ಯಾಸಬೇಡರ, ಕಾಡುಗೊಲ್ಲರ ಹಟ್ಟಿಗಳಲ್ಲಿ ದೇವರ ಎತ್ತುಗಳನ್ನು ಕಿಲಾರಿಗಳು ತಲೆತಲಾಂತರದಿಂದ ಕಾಯುತ್ತ ಬಂದಿದ್ದಾರೆ. ಆ ಎತ್ತುಗಳನ್ನು ಮಾರುವಂತಿಲ್ಲ, ಉಳುವಂತಿಲ್ಲ, ಮೇಯಿಸಬೇಕು. ಬರ ಬಂದಾಗ ಸರಕಾರ ಗೋಶಾಲೆ ತೆರೆದು ಒಣಹುಲ್ಲು ಹಂಚುತ್ತದೆ. ಹಸಿದ ದನಕ್ಕೆ ಅದು ಬೇಕು, ನಿಜ. ಆದರೆ ಸಾವಿರಾರು ಎಕರೆ ಹುಲ್ಲನ್ನು ಕಸಿದುಕೊಂಡು ಒಂದು ಹೊರೆ ಹುಲ್ಲನ್ನು ದಾನವೆಂದು ಕೊಡುವುದು ಯಾವ ನ್ಯಾಯ?

ನಮ್ಮ ಬೇಡಿಕೆಗಳು ಸ್ಪಷ್ಟ. ಉಳಿದ ಕಾವಲುಗಳನ್ನು ಅಳತೆ ಮಾಡಿ, ಎಲ್ಲೆಕಲ್ಲು ನೆಟ್ಟು, ಪಹಣಿಯಲ್ಲಿ ಕಾವಲೆಂದೇ ನಮೂದಿಸಬೇಕು. ಇನ್ನೊಂದು ಗುಂಟೆಯನ್ನೂ ಬೇರೆ ಕೆಲಸಕ್ಕೆ ಕೊಡಕೂಡದು. ಗೋಡೆಯೊಳಗೆ ಕಟ್ಟಡವೇಳದೆ ಬಿದ್ದಿರುವ ನೆಲಕ್ಕೆ ಋತುವಿಗೆ ತಕ್ಕಂತೆ ಮಂದೆ ಬಿಡಬೇಕು. ಸುತ್ತಿಬಳಸದೆ ಕೆರೆ ಸೇರಲು ದಾರಿ ತೆರೆಯಬೇಕು. 2006ರ ಅರಣ್ಯ ಹಕ್ಕು ಕಾಯ್ದೆ ಅಲೆಮಾರಿ ಪಶುಪಾಲಕರ ಋತುಮಾನದ ಮೇವಿನ ಹಕ್ಕನ್ನು ಒಪ್ಪಿದೆ. ಅದು ಅನ್ವಯಿಸುವ ಕಡೆಯಲ್ಲೆಲ್ಲ ಹಕ್ಕುಪತ್ರ ಕೊಡಬೇಕು. ಕರಡಿ ಇರುವ ಗುಡ್ಡಗಳಲ್ಲಿ ಹೊಸ ಕ್ವಾರಿಗೆ ಪರವಾನಗಿ ಕೂಡದು. ಇವೆಲ್ಲಕ್ಕೂ ಮೊದಲು ಗ್ರಾಮಸಭೆಯನ್ನು ಕೇಳಬೇಕು.

ಇದೇ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯ ಬಂಡೆಯ ಮೇಲೆ ಅಶೋಕ ಚಕ್ರವರ್ತಿ ಪ್ರಾಣಿಗಳ ವಿಷಯದಲ್ಲಿ ದಯೆ ಇರಬೇಕೆಂದು ಬರೆಸಿ ಎರಡು ಸಾವಿರದ ಇನ್ನೂರು ವರ್ಷಗಳ ಮೇಲಾಯಿತು. ಬಂಡೆ ಈಗಲೂ ಇದೆ. ಗಿರಣಿಯ ಕಾರ್ಮಿಕ ಬಂಧುಗಳೂ ವರ್ತಕ ಮಿತ್ರರೂ ಮುಂದಿನ ಗ್ರಾಮಸಭೆಯ ಹೊತ್ತಿಗೆ ತಮ್ಮ ತಮ್ಮ ಊರಿಗೆ ಹೋಗಿ, ಕುರಿಗಾಹಿಯ ಪಕ್ಕದಲ್ಲಿ ಕುಳಿತು, ಕಾವಲಿನ ಪರವಾಗಿ ಕೈಯೆತ್ತಬೇಕೆಂದು ಕೋರುತ್ತೇವೆ.