ಕೀಲಿಮಣೆಯ ಮಡಿ

ಕಳೆದ ತಿಂಗಳು ನಾವು ಕಾರ್ಯನಿಮಿತ್ತವಾಗಿ ದಾವಣಗೆರೆಯ ಕಚೇರಿಯೊಂದಕ್ಕೆ ಹೋಗಿದ್ದೆವು. ನಮಗಿಂತ ಮುಂದೆ ಹರಿಹರದ ಕಡೆಯ ಹಳ್ಳಿಯಿಂದ ಬಂದ ವೃದ್ಧೆಯೊಬ್ಬಳು ಕಾದು ನಿಂತಿದ್ದಳು. ಆಕೆಯ ವಿಧವಾವೇತನದ ಅರ್ಜಿಯು ಒಮ್ಮೆ ಹಿಂದಿರುಗಿದ್ದಿತು. ಕಾರಣವೇನೆಂದು ಕೇಳಲಾಗಿ, ಮಡಿಚಿದ ಹಾಳೆಯನ್ನು ನಮ್ಮ ಕೈಗೆ ಕೊಟ್ಟಳು. ‘ಹರಿಹರ ತಾಲ್ಲೂಕು’ ಎಂದಿರಬೇಕಾದೆಡೆಯಲ್ಲಿ ‘ರಿರ ತಾಲ್ಲೂಕು’ ಎಂದು ಅಚ್ಚಾಗಿದ್ದಿತು! ಸಾಲಿನ ಅವಸರದಲ್ಲಿ ಗುಮಾಸ್ತನು ನೋಡಿರಲಿಲ್ಲ. ಓದು ಬಾರದ ಆಕೆಗೆ ತಿಳಿದಿರಲಿಲ್ಲ. ಹರಿಗೂ ಹರನಿಗೂ ಧಾತು ಒಂದೇ ಎಂದು ನಾವು 30 ವರ್ಷ ಪಾಠ ಹೇಳಿದವರು. 1224ರಲ್ಲಿ ಪೋಲಾಳ್ವ ದಂಡನಾಯಕನು ಗುಡಿ ಕಟ್ಟಿಸಿದ ಆ ದೇವರಿಬ್ಬರಿಗೂ ಒಮ್ಮೆಗೇ ಆದಿವರ್ಣಲೋಪವಾದುದನ್ನು ಅಂದೇ ಕಂಡೆವು.

ಗುಮಾಸ್ತನು ತಪ್ಪು ಒತ್ತಿರಲಿಲ್ಲ. ಕೆ. ಪಿ. ರಾವ್ ಅವರು ರೂಪಿಸಿದ, ‘ನುಡಿ’ ತಂತ್ರಾಂಶದಲ್ಲಿ ಬಳಕೆಯಲ್ಲಿರುವ ವಿನ್ಯಾಸದಲ್ಲಿ ವ್ಯಂಜನಕ್ಕೊಂದು ಕೀಲಿ. ಅಕಾರವು ಅದರಲ್ಲಿಯೇ ಅಡಗಿರುವುದು. ‘ಎಚ್’ ಕೀಲಿಯು ಕೆಟ್ಟರೆ ಹಕಾರವು ಸ್ವರಸಹಿತವಾಗಿ ಮಾಯ. ಸಾಮಾನ್ಯವಾದ ಕೀಲಿಮಣೆಯಲ್ಲಿ ಒಂದೊಂದು ಕೀಲಿಯ ಕೆಳಗೂ ರಬ್ಬರಿನ ಪುಟ್ಟ ಗುಮ್ಮಟ, ಅದರಡಿಯಲ್ಲಿ ವಿದ್ಯುತ್ತಿನ ಗೆರೆಗಳುಳ್ಳ ತೆಳುವಾದ ಹಾಳೆಗಳು ಇರುವುವು. ಸಕ್ಕರೆಯ ಚಹಾ ಒಳಗಿಳಿದು ಒಣಗಿದರೆ ಕೀಲಿಯು ಅಂಟಿಕೊಳ್ಳುವುದು. ಚೂರೊಂದು ಸಿಕ್ಕಿಕೊಂಡರೆ ಪೂರ್ತಿಯಾಗಿ ಕೆಳಗಿಳಿಯದು. ಖಾರಮಂಡಕ್ಕಿ ಮೆಣಸಿನಕಾಯಿಗಳ ಈ ಊರಿನಲ್ಲಿ ಚೂರಿಗೇನು ಬರಗಾಲ?

ಆ ಮಣೆಯನ್ನು ದಿನಕ್ಕೆ ಮೂವರು ಬಳಸುವರಂತೆ. ಒರೆಸುವವರಾರೆಂದು ಕೇಳಿದೆವು. “ಆಯುಧಪೂಜೆಗೆ ಒರೆಸ್ತೀವಲ್ಲ, ಮೇಷ್ಟ್ರೇ” ಎಂದನು. ಆ ದಿನ ಕುಂಕುಮವನ್ನೂ ಹಚ್ಚುವರು. ಅದು ಎಲ್ಲಿಗೆ ಹೋಗುವುದೆಂಬುದನ್ನು ಆಮೇಲೆ ಕಂಡೆವು. ಈಳಿಗೆಮಣೆಯನ್ನು ತೊಳೆಯದೆ ಎತ್ತಿಡುವ ಗೃಹಿಣಿಯನ್ನು ನಾವು ನೋಡಿಲ್ಲ. ಹಲವರ ಮಣೆಗಾದರೋ ಒಡೆಯರಿಲ್ಲ; ಒಬ್ಬೊಬ್ಬನೂ ಉಳಿದಿಬ್ಬರು ಒರೆಸಿಯಾರೆಂದು ಎದ್ದುಹೋಗುವನು. ಯಾರ ಸರದಿಯೆಂದು ಗೊತ್ತುಮಾಡದೆ, ಒಂದು ತುಂಡು ಬಟ್ಟೆಯನ್ನೂ ಕೊಡದೆ, ಗುಮಾಸ್ತನನ್ನು ದೂರುವುದು ನ್ಯಾಯವೆಂದು ನಮಗೆ ತೋರದು.

ರೋಗದ ಮಾತೂ ಉಂಟು. 2007ರಲ್ಲಿ ಅಮೆರಿಕದ ವಾಷಿಂಗ್ಟನ್ ನಗರದ ಶಾಲೆಯೊಂದರಲ್ಲಿ ವಾಂತಿಭೇದಿ ಹರಡಿದಾಗ, ನೊರೊವೈರಸ್ ಎಂಬ ರೋಗಾಣುವಿನ ಗುರುತು ತರಗತಿಯ ಕಂಪ್ಯೂಟರಿನ ಮೌಸು, ಕೀಲಿಮಣೆಗಳ ಮೇಲೆ ದೊರೆಯಿತು. ಅಂತಹ ಪೀಡೆಯಿದ್ದಾಗ ಸಾಬೂನಿನಿಂದ ಕೈ ತೊಳೆಯುವುದೇ ಮೊದಲ ರಕ್ಷೆ. ಕೀಲಿಮಣೆಯನ್ನು ಮುಟ್ಟಿದ ಕೈಯಲ್ಲಿ ತಿಂಡಿಯ ಪೊಟ್ಟಣ ಬಿಚ್ಚುವವರು ಇದನ್ನು ನೆನೆಯಬೇಕು.

ಶುಚಿಮಾಡುವ ಕ್ರಮವು ಕಷ್ಟವಾದುದಲ್ಲ. ಮೊದಲು ಯಂತ್ರವನ್ನು ನಿಲ್ಲಿಸಿ ತಂತಿಯನ್ನು ಬಿಡಿಸಬೇಕು. ಮಣೆಯನ್ನು ಬೋರಲು ಹಿಡಿದು ಮೆಲ್ಲನೆ ತಟ್ಟಿ, ಸಂದುಗಳನ್ನು ಮೆದುವಾದ ಕುಂಚದಿಂದ ಗುಡಿಸಬೇಕು. ಬಳಿಕ ನೂರಕ್ಕೆ 70 ಪಾಲಿನ ಐಸೊಪ್ರೊಪೈಲ್ ಆಲ್ಕೋಹಾಲನ್ನು ನೂಲು ಬಿಡದ ಬಟ್ಟೆಗೆ ತುಸು ತಾಗಿಸಿ ಕೀಲಿಗಳನ್ನು ಒರೆಸತಕ್ಕದ್ದು. ಉಳಿದ ಪಾಲು ನೀರಾದುದರಿಂದಲೇ ಅದು ಬೇಗ ಆರದೆ ರೋಗಾಣುಗಳನ್ನು ಕೊಲ್ಲಲು ಅವಕಾಶವಾಗುವುದು. ಹೆಚ್ಚು ತೀಕ್ಷ್ಣವಾದುದು ಹೆಚ್ಚು ಗುಣಕಾರಿಯೆಂದು ಭ್ರಮಿಸಬಾರದು. ದ್ರವವನ್ನು ನೇರವಾಗಿ ಮಣೆಯ ಮೇಲೆ ಚಿಮುಕಿಸಲೇಬಾರದು. ಪ್ರೋಕ್ಷಣೆಯು ಕಲಶಕ್ಕಿರಲಿ! ಪೂರ್ತಿ ಆರಿದ ಮೇಲೆ ತಂತಿಯನ್ನು ಜೋಡಿಸುವುದು.

ನಮ್ಮ ಮಾತಿಗೆ ಬೇಸರಿಸದೆ ಆ ಗುಮಾಸ್ತನು ಅಲ್ಲಿಯೇ ಮಣೆಯನ್ನು ಬೋರಲು ಮಾಡಿ ತಟ್ಟಿದನು. ಮಂಡಕ್ಕಿಯ ಚೂರುಗಳು, ಒಂದು ಗುಂಡುಸೂಜಿ, ಕಪ್ಪಾದ ಕುಂಕುಮ ಉದುರಿದುವು. ನಾಲ್ಕಾರು ಸಲ ಒರೆಸಿ ಒತ್ತಿದ ಮೇಲೆ ಹಕಾರವು ಬಂದಿತು. ಹೊಸ ಹಾಳೆಯನ್ನು ಹಿಡಿದು ಆ ತಾಯಿ ಹೋಗುವಷ್ಟರಲ್ಲಿ ಅರ್ಜಿ ತೆಗೆದುಕೊಳ್ಳುವ ಕಿಟಕಿ ಮುಚ್ಚಿದ್ದಿತು. ಇನ್ನೊಂದು ದಿನದ ಕೂಲಿ ಬಿಟ್ಟು ಆಕೆ ಸೋಮವಾರ ಮತ್ತೆ ಬರಬೇಕಾಯಿತು.